ಬಲಿಪೀಠದಿಂದ ನೆರೆಮನೆಗೆ



ಕರುಣೆಯೆಂದರೆ ಕೇವಲ ದಾನವಲ್ಲ. ಕೊಟ್ಟು ಕಳುಹಿಸುವುದು ಸುಲಭ. ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವುದು ಕಷ್ಟ. ಶುಭಸಂದೇಶದ ಸಮಾರಿಯದವನು ಗಾಯಾಳುವಿಗೆ ಹಣವಿತ್ತು ಮುಂದೆ ನಡೆಯಲಿಲ್ಲ. ತನ್ನ ಪಶುವಿನ ಮೇಲೇರಿಸಿ ಛತ್ರಕ್ಕೆ ಒಯ್ದು, ಆರೈಕೆ ಮಾಡಿದನು.

ನಮ್ಮ ಸೀಮೆಯಲ್ಲಿ ಅಂಥ ನೆರೆಯವರು ಯಾರು? ಕಾಳಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ನೀರಿಗೆ ಹುಟ್ಟೂರನ್ನೇ ಒಪ್ಪಿಸಿದ ಜೋಯಿಡಾ ತಾಲೂಕಿನ ಕುಟುಂಬಗಳು. ದಾಂಡೇಲಿಯಲ್ಲಿ ದಿನಗೂಲಿಯನ್ನೇ ನಂಬಿದವರು. ಹಳಿಯಾಳ, ಮುಂಡಗೋಡಗಳ ಸಿದ್ದಿ ಬಾಂಧವರು. ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ತರಲ್ಪಟ್ಟವರು. ಅನೇಕರು ಗೋವೆಯ ಗುಲಾಮಗಿರಿಯಿಂದ ಪಾರಾಗಿ ಈ ಅಡವಿಯನ್ನು ಸೇರಿದರು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ನಮ್ಮಂತೆಯೇ ಕಥೋಲಿಕರೂ ಇದ್ದಾರೆ. ಒಂದೇ ಬಲಿಪೀಠದಿಂದ ಪರಮಪ್ರಸಾದ ಸ್ವೀಕರಿಸಿದವರು ಮದುವೆಯ ಪಂಕ್ತಿಯಲ್ಲಿ ದೂರ ಕುಳಿತರೆ ನಾವು ಸ್ವೀಕರಿಸಿದ್ದಾದರೂ ಏನು?

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಆದರೆ ಕಾಗದದ ಹಕ್ಕು ಕೈಗೆ ಬರಲು ಅರ್ಜಿ ಬರೆದುಕೊಡುವವರು ಬೇಕು, ತಹಶೀಲ್ದಾರರ ಕಚೇರಿಗೆ ಜೊತೆಯಾಗಿ ಹೋಗುವವರು ಬೇಕು. ರೋಗಿಯ ಹಾಸಿಗೆಯ ಬಳಿ ಒಂದು ರಾತ್ರಿ ಕೂರುವವರು ಬೇಕು. ಇದಕ್ಕೆ ಸಿರಿವಂತಿಕೆ ಬೇಡ, ಬಿಡುವು ಸಾಕು.

1966ರಿಂದ ಟಿಬೇಟಿನ ನಿರಾಶ್ರಿತರಿಗೆ ನೆಲವಿತ್ತ ಮುಂಡಗೋಡು ನಮ್ಮದೇ ಸೀಮೆಯಲ್ಲವೇ? ಹೊರಗಿನಿಂದ ಬಂದವರಿಗೆ ನೆಲವಿತ್ತ ನಾಡು, ಒಳಗಿನವರಿಗೆ ಮನವನ್ನೀಯಲಾರದೇ?

ಬಲಿಪೂಜೆಯ ಕೊನೆಯಲ್ಲಿ ಗುರುಗಳು ನಮ್ಮನ್ನು ಹರಸಿ ಕಳುಹಿಸುತ್ತಾರೆ. ನೂರು ವರ್ಷ ಜನರನ್ನು ಒಳಗೆ ಕರೆದ ಈ ದೇವಾಲಯದ ಬಾಗಿಲು, ಅಷ್ಟೇ ಕಾಲ ನಮ್ಮನ್ನು ಹೊರಗೂ ಕಳುಹಿಸಿದೆ. ಕಳುಹಿಸಿದಲ್ಲಿಗೆ ಹೋಗೋಣ. ಪ್ರಭು ಅಲ್ಲಿ ಮೊದಲೇ ಕಾದಿದ್ದಾರೆ.