ಮೈದಾನಕ್ಕೆ ಬಾರದ ಮಕ್ಕಳ ಆಟ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ವಿಶೇಷ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳಿಗ್ಗೆಯಿಂದ ಇಲ್ಲಿ ಕಬಡ್ಡಿ, ಹಗ್ಗಜಗ್ಗಾಟ, ಮಕ್ಕಳ ಓಟ ಎಲ್ಲ ನಡೆಯಿತು. ಬಹುಮಾನ ಗೆದ್ದವರಿಗೆ ಅಭಿನಂದನೆ. ನಾನು ಮಾತಾಡ್ಲಿಕ್ಕೆ ಬಂದದ್ದೂ ಆಟದ ಬಗ್ಗೆಯೇ. ಆದರೆ ಇವತ್ತು ಮೈದಾನಕ್ಕೆ ಬಾರದ ಮಕ್ಕಳ ಆಟದ ಬಗ್ಗೆ. ಮೈಕದ ಶಬ್ದಕ್ಕೆ ಕಿವಿ ಮುಚ್ಚಿಕೊಂಡು ಮನೆಯೊಳಗೆ ಕೂತ ಮಕ್ಕಳು ಪ್ರತಿ ಊರಲ್ಲಿಯೂ ಇದ್ದಾರೆ. ಅವರಲ್ಲಿ ಕೆಲವರಿಗೆ ಇರುವುದು ಆಟಿಸಂ.

ಆಟಿಸಂ ಅಂದರೆ ಹುಚ್ಚಲ್ಲ, ಅಂಟುವ ರೋಗವೂ ಅಲ್ಲ. ಮೆದುಳು ಬೆಳೆಯುವ ರೀತಿಯೇ ಬೇರೆ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯರು ಇದನ್ನು ವಿವರವಾಗಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಲೋಕದಲ್ಲಿ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ, ಬೇಕಾದ್ದನ್ನು ಬೆರಳಿನಿಂದ ತೋರಿಸುವುದಿಲ್ಲ, ಆಟದ ಕಾರನ್ನು ಓಡಿಸುವ ಬದಲು ಅದರ ಚಕ್ರವನ್ನೇ ಗಂಟೆಗಟ್ಟಲೆ ತಿರುಗಿಸುತ್ತಾ ಕೂರುತ್ತದೆ, ದಿನದ ಕ್ರಮ ಸ್ವಲ್ಪ ತಪ್ಪಿದರೂ ಬೊಬ್ಬೆ ಹಾಕುತ್ತದೆ. ಕೆಲವು ಮಕ್ಕಳು ಮಾತೇ ಆಡುವುದಿಲ್ಲ, ಕೆಲವರು ಚೆನ್ನಾಗಿ ಮಾತಾಡ್ತಾರೆ, ಓದ್ತಾರೆ. ಒಂದು ಮಗು ಇದ್ದ ಹಾಗೆ ಇನ್ನೊಂದು ಇರುವುದಿಲ್ಲ.

ಇದು ತಾಯಿಯ ತಪ್ಪಿನಿಂದ ಬಂದದ್ದಲ್ಲ. ಭೂತದ ಉಪದ್ರವ ಅಲ್ಲ, ನಾಗದೋಷ ಅಲ್ಲ. ಚುಚ್ಚುಮದ್ದಿನಿಂದ ಬರುತ್ತದೆ ಎಂದು 1998ರಲ್ಲಿ ಇಂಗ್ಲೆಂಡಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಲೇಖನ ಬಂದಿತ್ತು. ಅದನ್ನು 2010ರಲ್ಲಿ ಪತ್ರಿಕೆಯೇ ಹಿಂದಕ್ಕೆ ಪಡೆಯಿತು. ಆ ಹೆದರಿಕೆಯಲ್ಲಿ ಮಗುವಿಗೆ ಚುಚ್ಚುಮದ್ದು ತಪ್ಪಿಸಬೇಡಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಮುಂತಾದ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 1970ರ ದಶಕದ ಕೊನೆಯಿಂದ 2000ದವರೆಗೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲಿಯೇ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶ ಕೊಟ್ಟಿತು. ಹಾಗಾಗಿ ಇಲ್ಲಿ ಯಾವ ಮಗುವಿಗೆ ಏನಾದರೂ ಜನ ಮೊದಲು ಕೇಳುವುದು, ‘ಪಟ್ಟಿಯಲ್ಲಿ ಹೆಸರು ಉಂಟಾ?’ ಎಂದು. ಪಟ್ಟಿಗಾಗಿ ಹೋರಾಟ ಬೇಕು, ಅದು ನ್ಯಾಯ. ಆದರೆ ಆಟಿಸಂ ವಿಷ ಸುರಿಯದ ಊರುಗಳಲ್ಲಿಯೂ ಉಂಟು. ಪಟ್ಟಿಯಲ್ಲಿ ಹೆಸರು ಇಲ್ಲದ ಮಗುವಿಗೂ ಹಕ್ಕು ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅಲ್ಲಿ ಕಾರಣ ಏನು ಎಂದು ಕೇಳುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ‘ನಮಗೇನೂ ಸಿಗ್ಲಿಕ್ಕಿಲ್ಲ’ ಎಂದು ಸುಮ್ಮನೆ ಕೂತಿದ್ದಾರೆ.

ಈಗ ಕಂಪ್ಯೂಟರ್ ಆಟಕ್ಕೆ ಬರ್ತೇನೆ.

ಗಮನ ಕೊಡುವುದು, ನೆನಪಿಡುವುದು, ಒಂದರ ನಂತರ ಒಂದನ್ನು ಕ್ರಮದಲ್ಲಿ ಮಾಡುವುದು, ಸರದಿ ಬರುವವರೆಗೆ ಕಾಯುವುದು, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವುದು. ನಮಗೆ ಇವೆಲ್ಲ ಉಸಿರಾಡಿದ ಹಾಗೆ ಸಲೀಸು. ಆಟಿಸಂ ಇರುವ ಹಲವು ಮಕ್ಕಳಿಗೆ ಇವುಗಳಲ್ಲಿ ಒಂದೊಂದನ್ನೂ ಬಿಡಿಬಿಡಿಯಾಗಿ ಕಲಿಸಬೇಕು. ಮನುಷ್ಯರ ಮುಖ ಕ್ಷಣಕ್ಕೊಂದು ತರಹ ಇರುತ್ತದೆ. ಸ್ವರ ಏರುತ್ತದೆ, ಇಳಿಯುತ್ತದೆ. ಆ ಗಲಿಬಿಲಿಯಲ್ಲಿ ಮಗುವಿಗೆ ಪಾಠ ಹಿಡಿಯುವುದಿಲ್ಲ. ಕಂಪ್ಯೂಟರ್ ಹಾಗಲ್ಲ. ಒಂದು ಗುಂಡಿ ಒತ್ತಿದರೆ ಪ್ರತಿ ಸಲವೂ ಅದೇ ಫಲ. ನೂರು ಸಲ ತಪ್ಪಿದರೂ ಅದು ಬೈಯುವುದಿಲ್ಲ, ಬೇಜಾರು ಮಾಡಿಕೊಳ್ಳುವುದಿಲ್ಲ. ಎಷ್ಟು ನಿಧಾನ ಬೇಕೋ ಅಷ್ಟು ನಿಧಾನವಾಗಿ ಕಲಿಸಬಹುದು.

ಇದಕ್ಕೆ ದುಡ್ಡು ಬೇಡ. ‘ಜಿಕಾಂಪ್ರಿ’ ಎಂಬ ಉಚಿತ ಆಟಗಳ ಕಟ್ಟು ಉಂಟು. ನಮ್ಮ ಶಾಲೆಗಳ ಕೈಟ್ ಲ್ಯಾಪ್‌ಟಾಪಿನಲ್ಲಿ ಅದು ಮೊದಲೇ ಇರುತ್ತದೆ. ಇಲ್ಲಿರುವ ಎಷ್ಟೋ ತಮ್ಮಂದಿರು ಒಂದನೇ ಎರಡನೇ ಕ್ಲಾಸಿನಲ್ಲಿ ಅದನ್ನು ಆಡಿದವರೇ. ಮೊಬೈಲಿಗೂ ಹಾಕಬಹುದು. ಜಾಹೀರಾತು ಇಲ್ಲ, ಒಮ್ಮೆ ಹಾಕಿದರೆ ಆಡುವಾಗ ನೆಟ್ ಬೇಡ. ಅದರಲ್ಲಿ ಮೌಸ್ ಸರಿಸಿದ ಹಾಗೆ ಮುಚ್ಚಿದ ಚಿತ್ರ ತೆರೆಯುವ ಆಟ ಉಂಟು. ಅಲ್ಲಿಂದ ಶುರು ಮಾಡಿ. ‘ನಾನು ಏನೋ ಮಾಡಿದೆ, ಅದಕ್ಕೆ ಏನೋ ಆಯಿತು’ ಎಂಬುದೇ ಮೊದಲ ಪಾಠ. ನಂತರ ಜೋಡಿ ಚಿತ್ರ ಹುಡುಕುವ ಆಟ, ಅದು ನೆನಪಿಗೆ. ರೈಲಿನ ಆಟ ಉಂಟು: ಎಂಜಿನ್, ಬೋಗಿ ಇರುವ ಒಂದು ರೈಲನ್ನು ತೋರಿಸುತ್ತದೆ, ಆಮೇಲೆ ಅದೇ ಕ್ರಮದಲ್ಲಿ ನಾವು ಜೋಡಿಸಬೇಕು. ಗಮನ, ನೆನಪು, ಕ್ರಮ ಮೂರೂ ಅದರಲ್ಲಿ ಉಂಟು. ರೈಲು ಅಂದರೆ ಜೀವ ಬಿಡುವ ಮಕ್ಕಳು ನಮ್ಮಲ್ಲಿ ಕಡಿಮೆಯಾ? ಮಗುವಿಗೆ ಯಾವುದರ ಮೇಲೆ ಮೋಹವೋ ಆ ಬಾಗಿಲಿನಿಂದಲೇ ಒಳಗೆ ಹೋಗಬೇಕು.

ಇನ್ನೊಂದು ಲಾಭ ಭಾಷೆಯದ್ದು. ನಮ್ಮ ಮಗುವಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ, ಮೊಬೈಲಿನಲ್ಲಿ ಇಂಗ್ಲಿಷ್. ಮಾತು ಹಿಡಿಯುವುದೇ ಕಷ್ಟ ಇರುವ ಮಗುವಿನ ಮೇಲೆ ನಾಲ್ಕು ಭಾಷೆಯ ಹೊರೆ. ಚಿತ್ರದ ಆಟಕ್ಕೆ ಅಕ್ಷರ ಬೇಡ. ಸ್ವರ ಬಂದ್ ಮಾಡಿ, ಪಕ್ಕದಲ್ಲಿ ಕೂತು ತಾಯಿ ತನ್ನ ಮನೆಮಾತಿನಲ್ಲೇ ಹೇಳಲಿ. ತುಳು ಆದರೆ ತುಳು. ಮನೆಮಾತು ಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಆದರೆ ಆಟದ ಮಿತಿಯನ್ನೂ ಸರಿಯಾಗಿ ಹೇಳಬೇಕು. ಆಟ ಆಡಿ ಆಟಿಸಂ ಗುಣವಾಗುವುದಿಲ್ಲ. ‘ಮೂರು ತಿಂಗಳಲ್ಲಿ ಸರಿ ಮಾಡ್ತೇವೆ’ ಎಂದು ಹಣ ಕೇಳುವ ಆ್ಯಪ್ ಬಂದರೆ ನಂಬಬೇಡಿ. ಅಮೆರಿಕದಲ್ಲಿ 2020ರಲ್ಲಿ ‘ಎಂಡೆವರ್ ಆರ್‌ಎಕ್ಸ್’ ಎಂಬ ಒಂದು ವಿಡಿಯೋ ಗೇಮಿಗೆ ಅಲ್ಲಿನ ಔಷಧ ಇಲಾಖೆ ಅನುಮತಿ ಕೊಟ್ಟಿತು. ಆಗ ಆ ಅನುಮತಿ ಇದ್ದದ್ದು ಗಮನದ ತೊಂದರೆ ಇರುವ 8ರಿಂದ 12 ವರ್ಷದ ಮಕ್ಕಳಿಗೆ, ಆಟಿಸಂಗೆ ಅಲ್ಲ. ಸಾಮಾನ್ಯವಾಗಿ ಮಗು ಒಂದು ಆಟ ಆಡಿದರೆ ಆ ಆಟದಲ್ಲಿ ಹುಷಾರಾಗುತ್ತದೆ. ಅಲ್ಲಿ ಕಲಿತದ್ದು ಬದುಕಿಗೆ ತಾನಾಗಿ ದಾಟಿ ಬರುವುದು ಕಡಿಮೆ. ದಾಟಿಸುವ ಸಂಕ ನಾವೇ ಹಾಕಬೇಕು.

ಹೇಗೆ? ಪರದೆಯಲ್ಲಿ ರೈಲು ಜೋಡಿಸಿದ ಮೇಲೆ ನೆಲದಲ್ಲಿ ಬೆಂಕಿಪೆಟ್ಟಿಗೆಗಳಿಂದ ಅದೇ ರೈಲು ಜೋಡಿಸಿ. ಅದು ಬಂದ ಮೇಲೆ ಬೆಳಗ್ಗಿನ ಕ್ರಮ: ಹಲ್ಲುಜ್ಜುವುದು, ಸ್ನಾನ, ಗಂಜಿ, ಚೀಲ. ನಾಲ್ಕು ಚಿತ್ರ ಬರೆದು ಗೋಡೆಗೆ ಸಾಲಾಗಿ ಅಂಟಿಸಿ. ರೈಲಿನ ಬೋಗಿಯ ಹಾಗೆಯೇ ಒಂದರ ಹಿಂದೆ ಒಂದು. ಜೋಡಿ ಚಿತ್ರದ ಆಟವನ್ನು ಇಬ್ಬರು ಕೂತು ಆಡಿ: ‘ನಿನ್ನ ಸರದಿ, ನನ್ನ ಸರದಿ.’ ಆಮೇಲೆ ಅಟ್ಟದಲ್ಲಿರುವ ಚೆನ್ನೆಮಣೆಯನ್ನು ಕೆಳಗಿಳಿಸಿ. ಹದಿನಾಲ್ಕು ಗುಳಿ, ಒಂದೊಂದೇ ಕಾಯಿ ಹಾಕುತ್ತಾ ಹೋಗುವುದು, ಎಣಿಸುವುದು, ಎದುರಿನವರು ಆಡುವಾಗ ಕಾಯುವುದು. ಆಟಿ ತಿಂಗಳ ಮಳೆಯಲ್ಲಿ ಅಜ್ಜಿಯಂದಿರು ಆಡಿದ ಆ ಮಣೆಯಲ್ಲಿ ಕಂಪ್ಯೂಟರಿನ ಪಾಠ ಎಲ್ಲ ಉಂಟು. ಮೇಲಿಂದ ಎದುರಿಗೆ ಒಬ್ಬ ಮನುಷ್ಯ ಉಂಟು.

ಮೊಬೈಲ್ ಕೊಟ್ಟು ಮಗುವನ್ನು ಮೂಲೆಯಲ್ಲಿ ಕೂರಿಸುವುದು ಬೇರೆ, ಜೊತೆಯಲ್ಲಿ ಕೂತು ಆಡುವುದು ಬೇರೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಎರಡು ವರ್ಷದ ಒಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎಲ್ಲ ಮಕ್ಕಳಿಗೂ ಹೇಳಿದೆ. ನಿಲ್ಲಿಸುವ ಮೊದಲು ‘ಇನ್ನು ಎರಡು ಆಟ, ಆಮೇಲೆ ಬಂದ್’ ಎಂದು ಬೆರಳಿನಲ್ಲಿ ತೋರಿಸಿ. ಕೈಯಿಂದ ಎಳೆದುಕೊಂಡರೆ ಬೊಬ್ಬೆ ಗ್ಯಾರಂಟಿ. ಅಪಸ್ಮಾರ ಇರುವ ಮಗುವಾದರೆ ಡಾಕ್ಟರರನ್ನು ಕೇಳದೆ ಮಿನುಗುವ ಬೆಳಕಿನ ಆಟ ಕೊಡಬೇಡಿ.

ಕೆನಡಾದ ಒಂದು ಸಂಗತಿ ಹೇಳ್ತೇನೆ. ಸ್ಟುವರ್ಟ್ ಡಂಕನ್ ಎಂಬವರು ಸ್ವತಃ ಆಟಿಸಂ ಇರುವವರು, ಅವರ ಮಗನಿಗೂ ಆಟಿಸಂ. ‘ಮೈನ್‌ಕ್ರಾಫ್ಟ್’ ಆಟದಲ್ಲಿ ಇಂಥ ಮಕ್ಕಳನ್ನು ಉಳಿದವರು ಗೇಲಿ ಮಾಡಿ ಓಡಿಸುತ್ತಿದ್ದರು. ಅವರು 2013ರಲ್ಲಿ ಈ ಮಕ್ಕಳಿಗಾಗಿಯೇ ‘ಆಟ್‌ಕ್ರಾಫ್ಟ್’ ಎಂಬ ಬೇರೆ ಜಾಗ ಕಟ್ಟಿಕೊಟ್ಟರು. ಒಳ್ಳೆಯ ಕೆಲಸ. ಆದರೆ ಬೇರೆ ಬಾವಿ, ಬೇರೆ ಲೋಟ ಅಂದರೆ ಏನೆಂದು ನಮ್ಮ ಹಿರಿಯರಿಗೆ ಗೊತ್ತುಂಟು. ಬೇರೆ ಜಾಗ ಉಸಿರು ತೆಗೆಯಲಿಕ್ಕೆ ಮಾತ್ರ. ನಾವು ತಲುಪಬೇಕಾದ್ದು ಎಲ್ಲರ ಮೈದಾನಕ್ಕೆ. ‘ಕಾಲನಿ ಮಕ್ಕಳಿಗೆ ಬುದ್ಧಿ ಕಮ್ಮಿ’ ಎಂಬ ಮಾತು ಕೇಳಿ ಬೆಳೆದವರು ನಾವು. ಆ ಮಾತಿನಿಂದಾಗಿಯೇ ನಮ್ಮಲ್ಲಿ ಆಟಿಸಂ ಇರುವ ಮಗುವನ್ನು ಯಾರೂ ಬೇಗ ಗುರುತಿಸುವುದಿಲ್ಲ. ಕಾಲನಿ ಎಂಬ ಹೆಸರನ್ನು ಸರಕಾರ 2024ರಲ್ಲಿ ಕೈಬಿಟ್ಟಿತು. ಆ ನೋಟ ಕೂಡ ಬದಲಾಗಬೇಕು, ಅದು ನಮ್ಮೊಳಗಿನಿಂದಲೇ ಶುರುವಾಗಬೇಕು. ‘ಪೆದ್ದ’, ‘ಮರ್ಲ’ ಎಂದು ಮಗುವನ್ನು ಕರೆಯುವುದು ಇವತ್ತಿಗೇ ನಿಲ್ಲಲಿ.

ಸಂಘದವರಿಗೆ ನಾಲ್ಕು ಕೆಲಸ ಹೇಳಿ ಮುಗಿಸ್ತೇನೆ.

ಒಂದು, ಮನೆಯವರ ಒಪ್ಪಿಗೆ ಇದ್ದರೆ ಮಾತ್ರ, ಮಗುವನ್ನು ಪರೀಕ್ಷೆ ಮಾಡಿಸಲಿಕ್ಕೆ ಜೊತೆಯಲ್ಲಿ ಹೋಗಿ. ಮಲಯಾಳದ ಅರ್ಜಿ ತುಂಬಿಸಿಕೊಡಿ. ಯುಡಿಐಡಿ ಕಾರ್ಡು, ನಿರಾಮಯ ಆರೋಗ್ಯ ವಿಮೆ, ಅದರಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆಯ ಖರ್ಚು, ಇವನ್ನೆಲ್ಲ ಮಾಡಿಸಿ. ಸರ್ಟಿಫಿಕೇಟಿನಲ್ಲಿ 40 ಶೇಕಡಾ ಅಥವಾ ಅದಕ್ಕಿಂತ ಮೇಲೆ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಕಾನೂನಿನ ಹಕ್ಕು.

ಎರಡು, ಬಿಆರ್‌ಸಿಯ ವಿಶೇಷ ಶಿಕ್ಷಕರನ್ನು, ಪಂಚಾಯತಿನ ಬಡ್ಸ್ ಶಾಲೆಯನ್ನು ಸಂಪರ್ಕಿಸಿ, ನಿಮ್ಮ ಮಗುವಿಗೆ ಯಾವ ಆಟ ಎಂದು ಅವರಿಂದಲೇ ಕೇಳಿ. ಕನ್ನಡ ಬಲ್ಲ ಶಿಕ್ಷಕರು ಬೇಕೆಂದು ಗ್ರಾಮಸಭೆಯಲ್ಲಿ ಬರೆದು ಕೊಡಿ.

ಮೂರು, ಸಂಘದ ಕೋಣೆಯಲ್ಲಿ ಶನಿವಾರ ಒಂದು ಗಂಟೆ ಲ್ಯಾಪ್‌ಟಾಪ್ ಇಡಿ. ಮೈಕ ಬೇಡ, ಗದ್ದಲ ಬೇಡ. ಒಂದು ಮಗುವಿಗೆ ಒಬ್ಬ ಅಣ್ಣ ಅಥವಾ ಅಕ್ಕ, ಪ್ರತಿ ವಾರ ಅದೇ ಮುಖ. ಆ ಹೊತ್ತಿಗೆ ತಾಯಿಗೆ ಸ್ವಲ್ಪ ವಿಶ್ರಾಂತಿ ಸಿಕ್ಕಿದರೆ ಅದೂ ದೊಡ್ಡ ಸೇವೆ.

ನಾಲ್ಕು, ಮುಂದಿನ ವರ್ಷದ ಆಟೋಟದಲ್ಲಿ ಮೈಕ ಹಾಕುವ ಮೊದಲು, ಬೆಳಿಗ್ಗೆ ಅರ್ಧ ಗಂಟೆ ಈ ಮಕ್ಕಳಿಗೆ ಮೈದಾನ ಕೊಡಿ. ನಿಮ್ಮ ಮಕ್ಕಳನ್ನೂ ಅವರ ಜೊತೆ ಕಳುಹಿಸಿ.

ಬಾಬಾಸಾಹೇಬರು 1920ರಲ್ಲಿ ಶುರುಮಾಡಿದ ಪತ್ರಿಕೆಯ ಹೆಸರು ‘ಮೂಕನಾಯಕ’. ದನಿ ಇಲ್ಲದವರ ಪರ ನಿಲ್ಲುವುದು ಆ ಹೆಸರಲ್ಲಿಯೇ ಉಂಟು. ನಮ್ಮ ನೆರೆಕರೆಯಲ್ಲಿ ನಿಜವಾಗಿಯೂ ಮಾತು ಬಾರದ ಮಕ್ಕಳಿದ್ದಾರೆ. ಅವರ ಪಕ್ಕದಲ್ಲಿ ವಾರಕ್ಕೊಂದು ಗಂಟೆ ಕೂರಲಿಕ್ಕೆ ಯಾರೆಲ್ಲ ತಯಾರಿದ್ದೀರಿ, ಸಭೆ ಮುಗಿದ ಮೇಲೆ ಕಾರ್ಯದರ್ಶಿಯವರ ಹತ್ತಿರ ಹೆಸರು ಬರೆಸಿ ಹೋಗಿ.

 ಜೈ ಭೀಮ್.