ಓಡದೇ ಉಳಿದ ಮರಿಗಳ ಲೆಕ್ಕ ಎಲ್ಲಿ?

ನಾನು ಹೊನ್ನಾಳಿ ತಾಲೂಕಿನ ಸಾಸ್ವೆಹಳ್ಳಿಯವನು. ದೀಪಾವಳಿ ಬಂತಂದ್ರೆ ನಮ್ಮ ಕಡೆ ಹೋರಿ ಹಬ್ಬ. ಕೊಬ್ಬರಿ ಹಾರ ಹಾಕಿದ ಹೋರಿ ಯಾರ ಕೈಗೂ ಸಿಗದೆ ಪಾರಾದರೆ ಅದರ ಹೆಸರು ಊರೂರು ಸುತ್ತುತ್ತದೆ. ಅಂಥದೊಂದು ಹೆಸರುವಾಸಿ ಹೋರಿಯನ್ನೇ ನಮ್ಮ ದೊಡ್ಡಪ್ಪ ಮನೆ ಆಕಳಿಗೆ ಕೊಡಿಸಿದ್ರು. ಮೂರು ವರ್ಷದಲ್ಲಿ ಮೂರು ಗಂಡುಗರು. ಒಂದು ಭರ್ಜರಿ ಓಡಿತು. ಉಳಿದೆರಡಕ್ಕೆ ಮುಂಗಾಲು ನೆಟ್ಟಗಿರಲಿಲ್ಲ, ಅಖಾಡಕ್ಕೇ ಇಳಿಯಲಿಲ್ಲ. ಇವತ್ತಿಗೂ ಊರವರು ಓಡಿದ್ದರ ಮಾತೇ ಆಡ್ತಾರೆ.

ರೇಸ್ ಕುದುರೆ ವ್ಯವಹಾರದಲ್ಲೂ ಇದೇ ಕಥೆ. ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಕುಣಿಗಲ್ ಫಾರ್ಮ್‌ನಲ್ಲಿ ಆಮೇಲೆ ರೇಸ್ ಕುದುರೆ ಬೆಳೆಸಿದ್ರು. ಈ ತಳಿಯಲ್ಲಿ ಸೂಜಿ ಹಾಕಿ ಗಬ್ಬ ಕಟ್ಟಿಸೋ ಹಾಗಿಲ್ಲ. ಗಂಡು ಕುದುರೆ ಹತ್ತಿರ ಹೆಣ್ಣನ್ನು ಕರ್ಕೊಂಡೇ ಬರಬೇಕು. ಹಾಗಾಗಿ ಯಾವ ಗಂಡು ಅನ್ನೋದು ದೊಡ್ಡ ದುಡ್ಡಿನ ತೀರ್ಮಾನ.

ತಾನು ಓಡಿದ್ದನ್ನೇ ನೋಡಿದರೆ ಮೋಸ ಹೋಗ್ತೀವಿ. ಅಮೆರಿಕದ ಸಿಗಾರ್ ಸತತ 16 ರೇಸ್ ಗೆದ್ದಿತ್ತು. ಬೀಜಕ್ಕೆ ಬಿಟ್ಟರೆ ಒಂದು ಮರಿಯೂ ಹುಟ್ಟಲಿಲ್ಲ. ಡಾನ್‌ಜಿಗ್ ಮೊಣಕಾಲಿನ ತೊಂದರೆಯಿಂದ ಓಡಿದ್ದೇ 3 ರೇಸ್, ಮೂರೂ ಗೆದ್ದಿತು ಅನ್ನಿ. ಆದರೆ 1991ರಿಂದ 1993ರವರೆಗೆ ಮರಿಗಳ ಗಳಿಕೆಯಲ್ಲಿ ಆ ದೇಶಕ್ಕೇ ಮೊದಲು.

ಸರಿ, ಮರಿಗಳನ್ನು ಎಣಿಸೋದು ಹೇಗೆ? ನಾನು ಬಿ.ಕಾಂ., ಛೇದ ಯಾವುದು ಅಂತ ಮೊದಲು ಕೇಳ್ತೀನಿ. ಉದಾಹರಣೆಗೆ ಎರಡು ಗಂಡು ಕುದುರೆ, ತಲಾ 40 ಮರಿ. ಮೊದಲನೆಯದರ 20 ಮರಿ ಓಡಿ 12 ಗೆದ್ದವು. ಎರಡನೆಯದರ 34 ಓಡಿ 17 ಗೆದ್ದವು. ಜಾಹೀರಾತಿನಲ್ಲಿ ಮೊದಲನೆಯದಕ್ಕೆ ಶೇ. 60, ಎರಡನೆಯದಕ್ಕೆ ಶೇ. 50. ಹುಟ್ಟಿದ 40ರಿಂದ ಭಾಗಿಸಿ ನೋಡ್ರಿ: 30, 42.5. ಪೂರಾ ಉಲ್ಟಾ! ಕಾಲು ಗಟ್ಟಿ ಇಲ್ಲದ ಮರಿ ಟ್ರ್ಯಾಕಿಗೇ ಬರಲ್ಲ, ಅದಕ್ಕೇ ಪಟ್ಟಿಯಲ್ಲೂ ಇರಲ್ಲ. ಓಡದೇ ಹೋಗಿದ್ದಕ್ಕೆಲ್ಲ ಅಪ್ಪನೇ ಕಾರಣ ಅಂತಲ್ಲ, ಹೊಟ್ಟೆ ಶೂಲೆ, ಗಾಯ ಏನೇನೋ ಇರ್ತವೆ. ಓಡಿದವು ಒಂದೊಂದೂ ಎಷ್ಟು ರೇಸ್ ಓಡಿದವು, ನಾಲ್ಕೈದು ವರ್ಷಕ್ಕೂ ಓಡ್ತಾ ಇದಾವಾ ಅನ್ನೋದನ್ನೂ ನೋಡ್ಬೇಕು.

ತಾಯಿ ಲೆಕ್ಕ ಬೇರೆ. ಹೆಸರಿದ್ದ ಗಂಡಿಗೆ ಒಳ್ಳೊಳ್ಳೆ ಹೆಣ್ಣೇ ಬರ್ತವೆ. ಅದೇ ಹೆಣ್ಣುಗಳು ಬೇರೆ ಗಂಡಿಗೆ ಹಾಕಿದ ಮರಿ ಹೇಗೆ ಓಡಿದವು ಅಂತ ಹೋಲಿಸಿದಾಗಲೇ ನಿಜ ಗೊತ್ತಾಗೋದು.

ತೊಂದರೆ ಏನಂದ್ರೆ ಸಮಯ. 2026ರಲ್ಲಿ ಕೂಡಿಸಿದರೆ ಹನ್ನೊಂದು ತಿಂಗಳಿಗೆ, 2027ರಲ್ಲಿ ಮರಿ. 2029ಕ್ಕೆ ಓಟ ಶುರು. ಕಾಲು ಬಾಳಿಕೆ ಬರುತ್ತಾ ಅನ್ನೋದು ತಿಳಿಯೋಕೆ 2031 ಆಗುತ್ತೆ. ಅಷ್ಟರಲ್ಲಿ ಅದೇ ಗಂಡಿಗೆ ಇನ್ನೂ ನಾಲ್ಕು ತಂಡ ಮರಿ ಹುಟ್ಟಿರ್ತವೆ.

ಹೋದ ತಿಂಗಳು ದೊಡ್ಡಪ್ಪ ಇನ್ನೊಂದು ಹೋರಿ ನೋಡ್ಕೊಂಡು ಬಂದ್ರು. “ಅದರ ಕರುಗಳ ಕಾಲು ಹೆಂಗದಾವು, ನೋಡಿದ್ರಾ ದೊಡ್ಡಪ್ಪ?” ಅಂದೆ.

“ಕರು ಎಲ್ಲಿ ನೋಡ್ಲೋ, ಹೋರಿ ಓಡಿದ್ ವಿಡಿಯೋ ತೋರ್ಸಿದ್ರು” ಅಂದ್ರು.