ಗಾಳಿಸಿದ ನೀರಿನ ಋಣ

(ಉಪನ್ಯಾಸದ ಪಠ್ಯ)



ಮಳೆಗಾಲದ ನಾಲ್ಕು ತಿಂಗಳು ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೇ ಊರಿನಲ್ಲಿ ನೆಲೆಸುತ್ತಾರೆ. ಮೊಳೆಯುವ ಹಸಿರು, ಹರಿದಾಡುವ ಸಣ್ಣ ಜೀವಗಳು ಪಾದದಡಿ ನಲುಗಬಾರದೆಂಬುದೇ ಚಾತುರ್ಮಾಸದ ಮೂಲ ಕಾರಣ. ಅದೇ ತಿಂಗಳುಗಳಲ್ಲಿ ಪುಣೆ ಜಿಲ್ಲೆಯ ಭೋರ್ ತಾಲೂಕಿನ ಘಟ್ಟಗಳಿಗೆ ನಗರದ ವಾಹನಗಳು ಸಾಲುಗಟ್ಟುತ್ತವೆ. ಜಲಾಶಯ ನೋಡಲು ಬಂದವರು ಬಾಟಲಿ, ಪೊಟ್ಟಣಗಳನ್ನು ದಂಡೆಯಲ್ಲಿಯೇ ಬಿಟ್ಟು ಹೋಗುತ್ತಾರೆ. ಅವರ ನಡುವೆ ಸಸಿ ನೆಡಲು ಬರುವ ಸಂಘಗಳೂ ಇರುತ್ತವೆ. ಈ ಎರಡನೆಯವರ ಸತ್ಕಾರ್ಯವೇ ಇಂದಿನ ವಿಚಾರ. ಒಂದು ದಿನದ ಪರಿಸರ ಕಾರ್ಯಕ್ರಮದಲ್ಲಿ ಅಹಿಂಸೆ ಎಷ್ಟು, ಸಮಾರಂಭ ಎಷ್ಟು ಎಂಬುದನ್ನು ಶ್ರಾವಕ ಸಮಾಜ ಕೇಳಿಕೊಳ್ಳಬೇಕಾಗಿದೆ.

ಭೋರ್ 1948ರವರೆಗೆ ಪಂತ ಸಚಿವರ ಸಂಸ್ಥಾನವಾಗಿತ್ತು. ಇಲ್ಲಿಯ ವೇಳವಂಡಿ ನದಿಗೆ ಭಾಟಘರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಅಣೆಕಟ್ಟು ಬಂತು. 1928ರ ಹೊತ್ತಿಗೆ ಅಲ್ಲಿಯೇ ಅದಕ್ಕಿಂತ ದೊಡ್ಡದಾದ ಲಾಯ್ಡ್ ಅಣೆಕಟ್ಟು ಎದ್ದಿತು. ಅದರ ಸಾಮರ್ಥ್ಯ ಸುಮಾರು 23.5 ಟಿಎಂಸಿ. ನೀರಾ ನದಿಗೆ ಕಟ್ಟಿದ ದೇವಘರದ ಜಲಾಶಯದಲ್ಲಿ ಸುಮಾರು 11.7 ಟಿಎಂಸಿ ನೀರು ನಿಲ್ಲುತ್ತದೆ. ಈ ನದಿಗಳ ನೀರು ಕಾಲುವೆ ಹಿಡಿದು ಬಾರಾಮತಿ, ಇಂದಾಪುರ, ಫಲಟಣ, ಮಾಳಶಿರಸ್ ತಾಲೂಕುಗಳ ಕಬ್ಬಿಗೆ ಸೇರುತ್ತದೆ. ಇತ್ತ ಘಟ್ಟದ ಕಪ್ಪುಕಲ್ಲಿನ ಇಳಿಜಾರಿನಲ್ಲಿ ಮಳೆಯ ನೀರು ನಿಲ್ಲದು. ಆಷಾಢದಲ್ಲಿ ಜಡಿಮಳೆ ಕಾಣುವ ಎತ್ತರದ ವಾಡಿಗಳೇ ವೈಶಾಖದಲ್ಲಿ ಟ್ಯಾಂಕರಿನ ದಾರಿ ಕಾಯುತ್ತವೆ. ಜಲಾಶಯ ಕಣ್ಣಿಗೆ ಕಾಣುತ್ತದೆ. ಕೊಡ ಮಾತ್ರ ಬರಿದು.

ದೂರದ ಕನ್ನಡ ಜೈನ ಮನೆತನಗಳಿಗೆ ಭೋರ್‌ನ ಚಿಂತೆ ಏಕೆ ಎಂಬ ಪ್ರಶ್ನೆ ಸಹಜ. ನದಿಯ ದಾರಿಯೇ ಅದಕ್ಕೆ ಉತ್ತರ. ನೀರಾ ನದಿಯ ಕಾಲುವೆ ತಲುಪುವ ಫಲಟಣದಲ್ಲಿಯೇ ಧವಲಾದಿ ಸಿದ್ಧಾಂತ ಗ್ರಂಥಗಳ ತಾಮ್ರಪಟಗಳಿವೆ. ಅವುಗಳ ಹಿಂದಿನ ಪ್ರೇರಣೆ ಬೆಳಗಾವಿ ಸೀಮೆಯ ಭೋಜ ಗ್ರಾಮದ ಮನೆತನದಿಂದ ಬಂದ ಆಚಾರ್ಯ ಶಾಂತಿಸಾಗರರದು. ಮುಂದೆ ನೀರಾ ನರಸಿಂಗಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಕಲಬುರಗಿ, ಯಾದಗಿರಿಗಳನ್ನು ಹಾದು ಕೃಷ್ಣೆಯನ್ನು ಸೇರುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ, ಇಂದಿನ ಮಳಖೇಡ, ಭೀಮೆಯ ಉಪನದಿಯಾದ ಕಾಗಿಣಾದ ದಂಡೆಯಲ್ಲಿದೆ. 2020ರ ಅಕ್ಟೋಬರಿನಲ್ಲಿ ಉಜನಿ ಅಣೆಕಟ್ಟಿನಿಂದಲೂ ನೀರಾ ನದಿಯ ವೀರ್ ಅಣೆಕಟ್ಟಿನಿಂದಲೂ ನೀರು ಬಿಟ್ಟಾಗ ಭೀಮೆಯ ದಂಡೆಯ ಕನ್ನಡದ ಊರುಗಳು ಮುಳುಗಿದವು. ಮೇಲಿನ ಘಟ್ಟ ಮಳೆಯನ್ನು ಹಿಡಿದಿಟ್ಟುಕೊಳ್ಳಲಾರದೆ ಹೋದರೆ ಅದರ ಫಲ ಕೆಳಗಿನವರ ಪಾಲಿಗೂ ಬರುತ್ತದೆ.

ಹಾಗಾದರೆ ಸಸಿ ನೆಡುವುದು ಒಳ್ಳೆಯದಲ್ಲವೇ? ಒಳ್ಳೆಯದೇ. ಆದರೆ ನೆಟ್ಟದ್ದರ ಎಣಿಕೆಗಿಂತ ಬದುಕಿದ್ದರ ಎಣಿಕೆ ಮುಖ್ಯ. ಮಹಾರಾಷ್ಟ್ರ ಸರಕಾರ 2016ರಲ್ಲಿ 2 ಕೋಟಿ ಸಸಿಗಳ ಗುರಿಯಿಂದ ಆರಂಭಿಸಿ 2019ರಲ್ಲಿ 33 ಕೋಟಿಯ ಗುರಿಗೆ ಏರಿತು. ಆ ಸಸಿಗಳಲ್ಲಿ ಉಳಿದವೆಷ್ಟು ಎಂಬ ಪ್ರಶ್ನೆ ಶಾಸನಸಭೆಯಲ್ಲಿಯೇ ಎದ್ದು, 2021ರಲ್ಲಿ ಪರಿಶೀಲನೆಗೆ ಶಾಸಕರ ಸಮಿತಿಯನ್ನು ಘೋಷಿಸಬೇಕಾಯಿತು. ಸರಕಾರವನ್ನು ಹೀಗೆ ಪ್ರಶ್ನಿಸುವ ಸಮಾಜ ತನ್ನ ಸಂಘಗಳನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು.

ಸಹ್ಯಾದ್ರಿಯ ಈ ಮಗ್ಗುಲಿನಲ್ಲಿ ಕಾಡು ಉಳಿಸುವ ಹಳೆಯ ಪದ್ಧತಿಯೊಂದಿದೆ. ಕೊಡಗಿನಲ್ಲಿ ದೇವರಕಾಡು, ಕರಾವಳಿಯಲ್ಲಿ ನಾಗಬನ ಎನ್ನುವುದನ್ನು ಇಲ್ಲಿ ದೇವರಾಯಿ ಎನ್ನುತ್ತಾರೆ. ಮಾಧವ ಗಾಡ್ಗೀಳ ಮತ್ತು ವರ್ತಕ್ ಅವರು 1970ರ ದಶಕದಲ್ಲಿ ಮಹಾರಾಷ್ಟ್ರದ ಇಂತಹ ವನಗಳನ್ನು ಅಧ್ಯಯನ ಮಾಡಿ, ಸುತ್ತಲಿನ ಕಾಡು ಹೋದಮೇಲೂ ಇವು ಉಳಿದುಬಂದುದನ್ನು ದಾಖಲಿಸಿದರು. ದೇವರಾಯಿಯಲ್ಲಿ ಸಸಿ ನೆಡುವ ದಿನವಿಲ್ಲ. ಕೊಡಲಿ ಎತ್ತಬಾರದೆಂಬ ಕಟ್ಟಳೆ ಇದೆ, ಆ ಕಟ್ಟಳೆಯನ್ನು ಕಾಯುವ ಊರು ಇದೆ. ಉತ್ಸವ ಮಾಡಲಾರದ್ದನ್ನು ಸಂಯಮ ಮಾಡಿತು.

ಶ್ರಾವಕಾಚಾರದ ತಿರುಳೂ ಇದೇ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸುತ್ತದೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಹಸಿರು ಕಡಿಯುವುದು ಅದರ ವ್ಯಾಪ್ತಿಗೆ ಬರುತ್ತವೆ. ನೀರು ಗಾಳಿಸುವ ವಿಧಿಯನ್ನೂ ನೆನೆಯಬೇಕು. ಬಟ್ಟೆಯಲ್ಲಿ ಸೋಸಿ ಕುಡಿದರೆ ವಿಧಿ ಮುಗಿಯಲಿಲ್ಲ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ತಂದ ಬಾವಿಗೇ ಮರಳಿ ಬಿಡಬೇಕು. ಆದ್ದರಿಂದ ಹಿಂದಿನ ಗೃಹಿಣಿಗೆ ತನ್ನ ಕೊಡದ ನೀರು ಯಾವ ಬಾವಿಯದೆಂದು ತಿಳಿದಿರಲೇಬೇಕಾಗಿತ್ತು. ನಲ್ಲಿಯ ನೀರು ಕುಡಿಯುವ ಇಂದಿನ ಮನೆ ಆ ಅರಿವನ್ನು ಕಳೆದುಕೊಂಡಿದೆ. ಪರಿಸರ ಜಾಗೃತಿ ಎಂದರೆ ಅದನ್ನು ಮರಳಿ ಪಡೆಯುವುದು: ನೀರಿನ ಮೂಲವನ್ನು ಅರಿತು, ಅಲ್ಲಿಯ ಜೀವಗಳ ಋಣವನ್ನು ಅಲ್ಲಿಯೇ ತೀರಿಸುವುದು.

ಇಂತಹ ದುಡಿಮೆಗೆ ಸಮಾಜದಲ್ಲಿ ಮಾದರಿಗಳಿಲ್ಲದೆ ಇಲ್ಲ. ಪುಣೆಯಲ್ಲಿ 1985ರಲ್ಲಿ ಶಾಂತಿಲಾಲ್ ಮುಥಾ ಅವರು ಸ್ಥಾಪಿಸಿದ ಭಾರತೀಯ ಜೈನ ಸಂಘಟನಾ 2018ರಲ್ಲಿ ಬುಲಢಾಣಾ ಜಿಲ್ಲೆಯಲ್ಲಿ ಸರಕಾರದೊಡನೆ ಸೇರಿ ಜಲಮೂಲಗಳ ಹೂಳೆತ್ತಿತು. ಕರ್ನಾಟಕದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮವು ಊರಿನವರ ಸಮಿತಿಯನ್ನು ಮುಂದಿಟ್ಟುಕೊಂಡು ಕೆರೆಗಳಿಗೆ ಮರುಜೀವ ಕೊಟ್ಟಿದೆ. ಎರಡರಲ್ಲಿಯೂ ಕೆಲಸವನ್ನು ಅಳೆಯುವುದು ಮುಂದಿನ ಮಳೆಯ ನೀರು, ವೇದಿಕೆಯ ಹಾರಗಳಲ್ಲ.

ಭೋರ್‌ನಂತಹ ಕಡೆ ಕಾರ್ಯಕ್ರಮ ನಡೆಸುವ ಸಂಘಗಳು ಮೂರು ನಿಯಮಗಳನ್ನು ವ್ರತದಂತೆ ಸ್ವೀಕರಿಸಬಹುದು. ಮೊದಲನೆಯದು, ಊರಿನ ಗ್ರಾಮಸಭೆಯನ್ನು ಕೇಳದೆ ಗುದ್ದಲಿ ಹಿಡಿಯಬಾರದು. ವಾಡಿಗೆ ಬೇಕಾದದ್ದು ಸಸಿಯೋ, ಬಾವಿಯ ಹೂಳೆತ್ತುವುದೋ, ಒರತೆಗೆ ಕಟ್ಟೆಯೋ ಎಂಬುದನ್ನು ಅಲ್ಲಿಯ ಹೆಂಗಸರು ಹೇಳಬಲ್ಲರು. ಎರಡನೆಯದು, ನೆಡುವುದಾದರೆ ಅಳಲೆ, ನೇರಳೆಯಂತಹ ಅದೇ ಮಣ್ಣಿನ ಮರಗಳನ್ನು ನೆಡಬೇಕು. ಮೂರು ಬೇಸಿಗೆ ನೀರುಣಿಸಲು ಸಾಧ್ಯವಾಗುವಷ್ಟನ್ನೇ ನೆಡಬೇಕು. ನೀರುಣಿಸುವವನ ಕೂಲಿಯನ್ನು ಮೊದಲೇ ತೆಗೆದಿಡಬೇಕು. ಮೂರನೆಯದು, ಕ್ಷಮಾವಣಿಯಂದು ಸಭೆಯಲ್ಲಿ ಲೆಕ್ಕ ಓದಬೇಕು: ನೆಟ್ಟದ್ದು ಇಷ್ಟು, ಬದುಕಿದ್ದು ಇಷ್ಟು, ಒಣಗಿದ್ದು ಇಷ್ಟು. ಸಕಲ ಜೀವಗಳ ಕ್ಷಮೆ ಬೇಡುವ ದಿನ ಒಣಗಿದ ಸಸಿಗಳ ಲೆಕ್ಕವನ್ನು ಮರೆಮಾಚುವುದು ಸಲ್ಲದು.

ಇವುಗಳಿಗಿಂತ ಕಠಿಣವಾದ ಮಾತೊಂದು ಉಳಿದಿದೆ. ನೀರಾ ಕಾಲುವೆಯ ಸೀಮೆಯಲ್ಲಿ ಜೈನ ರೈತರೂ ವ್ಯಾಪಾರಿಗಳೂ ಇದ್ದಾರೆ. ಘಟ್ಟದ ವಾಡಿಗಳ ಕುಡಿಯುವ ನೀರಿಗೆ ಮೊದಲ ಹಕ್ಕು ಇರಬೇಕೆಂಬ ನ್ಯಾಯವನ್ನು ಅವರು ತಮ್ಮ ಶಾಸಕರ ಮುಂದೆ ಎತ್ತಬೇಕು. ನೀರಿನ ಹಂಚಿಕೆ ರಾಜಕಾರಣದ ಪ್ರಶ್ನೆ. ಸಸಿ ನೆಟ್ಟು ಅದರಿಂದ ನುಣುಚಿಕೊಳ್ಳಲಾಗದು. ಅಪರಿಗ್ರಹವನ್ನು ಹಣದ ಪೆಟ್ಟಿಗೆಗೆ ಮಾತ್ರ ಅನ್ವಯಿಸಿ ಕಾಲುವೆಯ ತೂಬಿಗೆ ಅನ್ವಯಿಸದಿದ್ದರೆ ಆ ವ್ರತ ಅಪೂರ್ಣ. ಮೇಲಿನವರ ಕೊಡ ತುಂಬಿದ ಬಳಿಕ ಕೆಳಗಿನ ಗದ್ದೆಗೆ ಹರಿಯುವ ನೀರೇ ನಿಜವಾಗಿ ಗಾಳಿಸಿದ ನೀರು.

ಜೈ ಜಿನೇಂದ್ರ.